ಕುಮಟಾ ಕಡೆ ಬೇಸಿಗೆ ರಜೆ: ಸಮುದ್ರಕ್ಕಿಂತ ಜಾಸ್ತಿ ಊಟದ ಮಾತು

ಸಮುದ್ರದ ಪಕ್ಕ ರಜೆ ಕಳೆಯೋಕೆ ಹೊರಟವರಿಗೆ ನಾನು ಹೇಳೋದು ಒಂದೇ. ಅಲ್ಲಿ ಏನು ತಿನ್ನಬೇಕು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೋಗಬೇಡಿ. ಆವತ್ತು ಬೆಳಗ್ಗೆ ಬಲೆಗೆ ಏನು ಬಿತ್ತು, ಹಿತ್ತಲಲ್ಲಿ ಏನು ಹಣ್ಣಾಗಿದೆ, ಅಡುಗೆ ಮಾಡೋರ ಕೈಗೆ ಯಾವುದು ಅಭ್ಯಾಸ, ಅದನ್ನ ಕೇಳಿ, ಅದನ್ನೇ ತಿನ್ನಿ. ಈ ಏಪ್ರಿಲ್‌ನಲ್ಲಿ ಕುಮಟಾ ಹತ್ತಿರ ಒಂದು ಕಾಟೇಜ್ ಹಿಡಿದು ನಾವು ಹಾಗೇ ಮಾಡಿದೆವು. ವಾಪಸ್ ಬಂದು ಇಷ್ಟು ದಿನ ಆಯ್ತು, ಈಗಲೂ ರಾತ್ರಿ ಊಟಕ್ಕೆ ಕೂತರೆ ಅಲ್ಲಿನ ಊಟದ ಮಾತೇ ಬರುತ್ತೆ. ಅದಕ್ಕೇ ಬರೆದಿಡೋಣ ಅನ್ನಿಸಿತು.

ಬೆಂಗಳೂರಿನಿಂದ ಪಂಚಗಂಗಾ ರೈಲಿನಲ್ಲಿ ಹತ್ತಿ ಮಲಗಿದರೆ ಬೆಳಗ್ಗೆ ಕುಮಟಾ. ಅಪ್ಪ ಅಮ್ಮ ಜೊತೆಗಿದ್ದರು, ಘಾಟಿಯ ತಿರುವುಗಳಲ್ಲಿ ಕಾರು ಅವರಿಗೆ ಆಗಲ್ಲ. ಊರಿನ ಹೋಟೆಲೊಂದರಲ್ಲಿ ಮಕ್ಕಳಿಗೆ ಬನ್ಸ್, ಅಪ್ಪನಿಗೆ ಹಾಲು ಹಾಕಿದ ಕಷಾಯ. ಕೊತ್ತಂಬರಿ, ಜೀರಿಗೆ ಹುರಿದು ಪುಡಿ ಮಾಡಿ ಬೆಲ್ಲ ಹಾಕಿ ಕಾಯಿಸಿದ ಈ ಕಷಾಯ ಉತ್ತರ ಕನ್ನಡದಲ್ಲಿ ಕಾಫಿ, ಟೀ ಜೊತೆಗೇ ಸಿಗುತ್ತೆ. ಕಾಫಿ ಇಲ್ಲದೆ ಬೆಳಗಾಗದ ಅಪ್ಪ ಇನ್ನೊಂದು ಲೋಟ ಕೇಳಿದರು. ಅಲ್ಲಿಂದ ಆಟೋ. ಬಾಡ ದಾಟಿ ಕಾಗಾಲ ಕಡೆ ಹೋಗುವ ದಾರಿಯಲ್ಲಿ ತೆಂಗಿನ ತೋಟದೊಳಗೆ ಒಂದು ಹೆಂಚಿನ ಮನೆ. ಎರಡು ಕೋಣೆ, ಉದ್ದದ ಜಗಲಿ, ಹಿಂದೆ ಗಾಳಿಮರದ ಸಾಲು, ಅದರಾಚೆ ಸಮುದ್ರ.

ಮುಖ್ಯವಾದದ್ದು ಏನಂದ್ರೆ ಅಲ್ಲಿ ಒಂದು ಅಡುಗೆಮನೆ ಇತ್ತು. ನಾನು ಕಾಟೇಜ್ ಹುಡುಕುವಾಗ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆಯೇ ಅದು. ಎಸಿ ಇದೆಯಾ, ಸಮುದ್ರ ಕಾಣುತ್ತಾ ಅನ್ನೋದೆಲ್ಲ ಆಮೇಲೆ. ಮನೆಯ ಒಡತಿ ಅದೇ ತೋಟದಲ್ಲಿ ಪಕ್ಕದ ಮನೆಯಲ್ಲಿ ಇರ್ತಾರೆ. ನಾನು ಅವರನ್ನ ಅಕ್ಕ ಅಂತಲೇ ಕರೆದೆ, ಇಲ್ಲೂ ಹಾಗೇ ಬರೆಯುತ್ತೇನೆ. ನಾವು ಬ್ಯಾಗ್ ಇಳಿಸುವಾಗಲೇ ಕೇಳಿದರು, "ಅಡುಗೆ ನೀವೇ ಮಾಡ್ಕೊಳ್ತೀರೋ, ನಾನು ಮಾಡಿ ಕೊಡಲೋ?" ಅಮ್ಮ ನನ್ನ ಉತ್ತರಕ್ಕೂ ಕಾಯಲಿಲ್ಲ. "ಇಬ್ರೂ ಸೇರಿ ಮಾಡೋಣ ಕಣಮ್ಮ" ಅಂದರು. ಇಡೀ ರಜೆಯ ಒಳ್ಳೆಯ ತೀರ್ಮಾನ ಅದು.

ನಮ್ಮದು ಮಂಡ್ಯ ಕಡೆ. ಮೀನು ಅಂದ್ರೆ ಕೆರೆ ಮೀನು, ಕಟ್ಲೆ, ರೋಹು. ಹುರಿದು ರುಬ್ಬಿದ ಮಸಾಲೆ, ಈರುಳ್ಳಿ, ಟೊಮ್ಯಾಟೊ, ಹುಣಸೆಹುಳಿ ಹಾಕಿ ಗಟ್ಟಿಯಾಗಿ ಕುದಿಸಿದ ಕಪ್ಪು ಸಾರು, ಮಾರನೇ ದಿನ ಮುದ್ದೆ ಜೊತೆ ಇನ್ನೂ ರುಚಿ. ಅಮ್ಮ ಅದರಲ್ಲಿ ಪಳಗಿದವರು. ಸಮುದ್ರದ ಮೀನು ನಮ್ಮ ಮನೆಗೆ ಬರೋದು ಐಸ್‌ನಲ್ಲಿ ಪ್ರಯಾಣ ಮಾಡಿದ ಮೇಲೆ. ಹಾಗಾಗಿ ಮಾರನೇ ದಿನ ಬೆಳಗ್ಗೆ ಮೀನು ಮಾರುವವರು ಬುಟ್ಟಿ ತಂದು ಜಗಲಿ ಮುಂದೆ ಇಳಿಸಿದಾಗ ಅಮ್ಮ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಮೇಲಿನ ಒದ್ದೆ ಬಟ್ಟೆ ತೆಗೆದರೆ ಬಂಗಡೆ. ಬೆನ್ನಿನ ಮೇಲೆ ಹಸಿರು-ನೀಲಿ ಗೆರೆಗಳು ಇನ್ನೂ ಹೊಳೆಯುತ್ತಿದ್ದವು. "ಇವತ್ತಿಂದೇ, ಕಿವಿರು ತೆಗೆದು ನೋಡಿ" ಅಂದರು ಆಕೆ. ಅಮ್ಮ ನಿಜಕ್ಕೂ ತೆಗೆದು ನೋಡಿದರು. ಕೆಂಪಗಿತ್ತು. ಕಣ್ಣು ತಿಳಿಯಾಗಿತ್ತು, ಹೊಟ್ಟೆ ಒತ್ತಿದರೆ ಗಟ್ಟಿ. ಬುಟ್ಟಿಯ ಇನ್ನೊಂದು ಬದಿಯಲ್ಲಿ ನೋಗ್ಲಿ ಇತ್ತು. ಮಂಗಳೂರಿನ ಕಡೆ ಕಾಣೆ ಅಂತಾರಲ್ಲ, ಅದೇ. ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೆಯ ಮೀನು ಇಲ್ಲ. ಮೆತ್ತಗಿನ ಮಾಂಸ, ನಡುಮುಳ್ಳು ಹಿಡಿದು ಎಳೆದರೆ ಹಾಗೇ ಬಂದುಬಿಡುತ್ತೆ. ಮುಳ್ಳಿಗೆ ಹೆದರಿ ಮೀನೇ ಮುಟ್ಟದ ನನ್ನ ಮಗ ಆವತ್ತು ಕೈ ತೊಳೆಯೋಕೆ ಏಳಲೇ ಇಲ್ಲ.

ಅಕ್ಕ ಮೆಟ್ಟುಗತ್ತಿ ಮೇಲೆ ಕಾಲಿಟ್ಟು ಕೂತು ಮೀನು ಹೆಚ್ಚುವುದನ್ನ ನಾನು ನೋಡುತ್ತಾ ನಿಂತಿದ್ದೆ. ಬಂಗಡೆಯ ತಲೆ ಬಿಸಾಡುವುದಿಲ್ಲ, ಅದು ಸಾರಿಗೆ. ಹೊಟ್ಟೆ ಕ್ಲೀನ್ ಮಾಡಿ, ನೀರಲ್ಲಿ ತೊಳೆದು, ಉಪ್ಪು ಸವರಿ ಪಕ್ಕಕ್ಕಿಟ್ಟರು. ಆಮೇಲೆ ಮಸಾಲೆ. ಅರ್ಧ ತೆಂಗಿನಕಾಯಿ ತುರಿ, ನೆನೆಸಿಟ್ಟ ಬ್ಯಾಡಗಿ ಮೆಣಸಿನಕಾಯಿ, ಸ್ವಲ್ಪ ಕೊತ್ತಂಬರಿ ಬೀಜ, ಅರಿಶಿನ, ಹುಣಸೆಹಣ್ಣು. ಅಷ್ಟೇ. ಆದರೆ ರುಬ್ಬೋದು ಮಾತ್ರ ಬೆರಳಲ್ಲಿ ತಿಕ್ಕಿದರೆ ತರಿ ಸಿಗಬಾರದು, ಅಷ್ಟು ನುಣ್ಣಗೆ. ಅಮ್ಮ ಕೇಳಿದರು, "ನಮ್ ಕಡೆ ಟೊಮ್ಯಾಟೊ ಹಾಕ್ತೀವಿ ಕಣಮ್ಮ, ನೀವು ಹಾಕಲ್ವಾ?" ಅಕ್ಕ ನಕ್ಕರು. "ಇಲ್ಲ ಅಮ್ಮ, ಅದು ಹಾಕಿದ್ರೆ ಬಂಗಡೆ ರುಚಿ ಹೋಗ್ತದೆ."

ಇನ್ನೊಂದು ವಸ್ತು ಇತ್ತು. ಜುಮ್ಮನಕಾಯಿ. ಒಣಗಿದ ಸಣ್ಣ ಕಾಯಿ, ಬಾಯಿ ಬಿಟ್ಟಿರುತ್ತೆ. ಮೈತುಂಬ ಮುಳ್ಳಿರುವ ಕಾಡು ಮರದಲ್ಲಿ ಬಿಡುತ್ತೆ, ಕೊಂಕಣಿಯವರು ತೆಪ್ಪಳ ಅಂತಾರೆ. ಒಳಗಿನ ಕಪ್ಪು ಬೀಜ ತೆಗೆದು ಬಿಸಾಡಬೇಕು, ಬೇಕಾಗಿರೋದು ಸಿಪ್ಪೆ ಮಾತ್ರ. ಅದನ್ನ ಒಂಚೂರು ನೀರಲ್ಲಿ ಜಜ್ಜಿ ಸಾರು ಕುದಿಯುವಾಗ ಹಾಕುತ್ತಾರೆ. ಬಂಗಡೆ, ತಾರ್ಲೆಯಂಥ (ಮಂಗಳೂರಿನ ಕಡೆ ಬೂತಾಯಿ ಅಂತಾರಲ್ಲ, ಅದು) ಎಣ್ಣೆ ಅಂಶ ಜಾಸ್ತಿ ಇರುವ ಮೀನಿಗೆ ಇದು ಬೇಕೇ ಬೇಕು ಅನ್ನೋದು ಅಕ್ಕನ ಲೆಕ್ಕ. ಅಮ್ಮ ಒಂದು ಸಿಪ್ಪೆ ಬಾಯಿಗೆ ಹಾಕಿಕೊಂಡು ಕಚ್ಚಿದರು, ನಾಲಿಗೆಯ ತುದಿ ಜುಮ್ ಅಂದು ಸುಮಾರು ಹೊತ್ತು ಮಾತೇ ಆಡಲಿಲ್ಲ. ಸಾರಿನಲ್ಲಿ ಅದು ಹಾಗೆ ಹೊಡೆಯುವುದಿಲ್ಲ. ನಿಂಬೆ ಸಿಪ್ಪೆಯ ಹಾಗೆ ಒಂದು ವಾಸನೆ, ಕೊನೆಯಲ್ಲಿ ತುಟಿಯ ಮೇಲೆ ಸಣ್ಣ ಜುಮುಜುಮು. ಮೀನಿನ ಹಸಿ ವಾಸನೆ ಎಲ್ಲಿ ಹೋಯ್ತೋ ಗೊತ್ತಾಗಲ್ಲ.

ಮಧ್ಯಾಹ್ನ ಕೆಂಪು ಕುಚಲಕ್ಕಿ ಅನ್ನ, ಬಂಗಡೆ ಸಾರು, ರವೆ ಹಚ್ಚಿ ಕಾವಲಿ ಮೇಲೆ ತೆಂಗಿನೆಣ್ಣೆಯಲ್ಲಿ ಹುರಿದ ನೋಗ್ಲಿ. ಮಕ್ಕಳ ತುಂಡುಗಳಿಗೆ ಖಾರ ಬೇಡ ಅಂತ ಬರೀ ಅರಿಶಿನ, ಉಪ್ಪು. ಜೊತೆಗೆ ಹೆಚ್ಚಿದ ಹಸಿ ಈರುಳ್ಳಿ. ಈ ಈರುಳ್ಳಿಯ ಬಗ್ಗೆ ಬೇರೆಯೇ ಹೇಳಬೇಕು, ಹೇಳ್ತೀನಿ. ಕುಚಲಕ್ಕಿ ಅನ್ನ ಮೊದಲ ತುತ್ತಿಗೆ ನಮ್ಮ ಬಾಯಿಗೆ ದಪ್ಪ ಅನ್ನಿಸಿತು. ಆ ತೆಂಗಿನಕಾಯಿ ಸಾರನ್ನ ಹಿಡಿದುಕೊಳ್ಳೋದು ಆ ಅನ್ನವೇ ಅಂತ ನಾಲ್ಕನೇ ತುತ್ತಿಗೆ ಗೊತ್ತಾಯಿತು. ಸೋನಾ ಮಸೂರಿಗೆ ಅದು ಆಗಲ್ಲ.

ಮುಂದಿನ ದಿನಗಳಲ್ಲಿ ಹುಳಿ ಬದಲಾಗುತ್ತಾ ಹೋಯ್ತು. ಇದು ನನಗೆ ತುಂಬ ಹಿಡಿಸಿದ ವಿಷಯ. ನಮಗೆ ಹುಳಿ ಅಂದ್ರೆ ಹುಣಸೆ, ಇಲ್ಲ ಟೊಮ್ಯಾಟೊ, ಇಲ್ಲ ನಿಂಬೆ. ಅಕ್ಕನ ಅಡುಗೆಮನೆಯಲ್ಲಿ ಒಣಗಿಸಿದ ಉಪ್ಪಾಗೆ ಸಿಪ್ಪೆ ಒಂದು ಡಬ್ಬದಲ್ಲಿ, ಮುರುಗಲು ಅಂದ್ರೆ ಕೋಕಂ ಸಿಪ್ಪೆ ಇನ್ನೊಂದರಲ್ಲಿ, ಹಿತ್ತಲ ಗಿಡದಲ್ಲಿ ಬಿಂಬಳಿ, ತಲೆಯ ಮೇಲೆ ಮಾವಿನಕಾಯಿ. ಸಿಗಡಿಗೆ, ಅಲ್ಲಿಯವರು ಶೆಟ್ಲಿ ಅಂತಾರೆ, ಮಾವಿನಕಾಯಿ ಹೋಳು ಹಾಕಿ ಮಾಡಿದ್ದರು. ಏಪ್ರಿಲ್ ಅಲ್ವಾ, ಕಾಯಿ ಬಲಿತಿರುತ್ತೆ, ಹಣ್ಣಾಗಿರಲ್ಲ, ಸರಿಯಾದ ಹುಳಿ. ಸಿಗಡಿ ಬೇಯೋದು ಕ್ಷಣದಲ್ಲಿ, ಮಾವಿನಕಾಯಿ ಹೋಳು ಮೊದಲೇ ಬೆಂದು ಸಾರಿಗೆ ಬಿಟ್ಟುಕೊಂಡಿರಬೇಕು, ಸಿಗಡಿ ಹಾಕಿ ಒಂದೆರಡು ಕುದಿ ಬಂದ ತಕ್ಷಣ ಇಳಿಸಬೇಕು, ಇಲ್ಲಾಂದ್ರೆ ರಬ್ಬರ್ ಆಗುತ್ತೆ ಅಂತ ಅಕ್ಕ ಒಲೆ ಮುಂದಿನಿಂದ ಕದಲಲೇ ಇಲ್ಲ. ನಮ್ಮ ಮನೆಯವರು ಊಟಕ್ಕೆ ಕೂತಾಗ ಮಾತು ಕಡಿಮೆ. ಆವತ್ತು ಮಾವಿನಕಾಯಿ ಹೋಳಿಗೋಸ್ಕರ ಮಗಳ ಜೊತೆ ಜಗಳ.

ಬೆಳಗಿನ ತಿಂಡಿಯ ಬಗ್ಗೆ ಜಾಸ್ತಿ ಹೇಳಲ್ಲ. ನೀರುದೋಸೆ, ಅವಲಕ್ಕಿ, ಒಂದು ದಿನ ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡಬು. ಎಲ್ಲವೂ ಚೆನ್ನಾಗಿತ್ತು. ಆದರೆ ಗಂಜಿ ಬಗ್ಗೆ ಹೇಳಲೇಬೇಕು. ಅಕ್ಕನ ಮನೆಯವರು ಬೆಳಗ್ಗೆ ತಿನ್ನೋದು ಕುಚಲಕ್ಕಿ ಗಂಜಿ, ಅದಕ್ಕೆ ಒಣ ಶೆಟ್ಲಿ ಚಟ್ನಿ. ಅದನ್ನ ಅವರು ನಮಗೆ ಬಡಿಸಿರಲಿಲ್ಲ, ಪ್ಯಾಟೆಯವರು ಗಂಜಿ ತಿಂತಾರಾ ಅಂತ. ಅಪ್ಪ ವಾಸನೆ ಹಿಡಿದು ಹೋಗಿ ಅವರ ಜಗಲಿಯಲ್ಲಿ ಕೂತರು. ಒಣ ಸಿಗಡಿಯನ್ನ ಸುಮ್ನೆ ಬಾಣಲೆಯಲ್ಲಿ ಗರಿಗರಿ ಹುರಿದು, ತಲೆ-ಬಾಲ ಉದುರಿಸಿ, ತೆಂಗಿನತುರಿ, ಸುಟ್ಟ ಮೆಣಸಿನಕಾಯಿ, ಈರುಳ್ಳಿ, ಹುಣಸೆ ಜೊತೆ ತರಿತರಿಯಾಗಿ ಜಜ್ಜಿದ್ದು. ಬಿಸಿ ಗಂಜಿ, ಮೇಲೆ ಒಂದು ಹರಳು ಉಪ್ಪು, ಪಕ್ಕದಲ್ಲಿ ಈ ಚಟ್ನಿ. ಮಾರನೇ ದಿನದಿಂದ ನಮ್ಮೆಲ್ಲರ ತಿಂಡಿಯೂ ಅದೇ ಆಯ್ತು.

ಅಕ್ಕಿಯ ಮಾತು ಬಂತು ಅಂತ ಹೇಳ್ತೀನಿ, ಅಘನಾಶಿನಿ ಹಿನ್ನೀರಿನ ಕಡೆ ಕಗ್ಗ ಅಂತ ಒಂದು ಭತ್ತ ಬೆಳೆಯುತ್ತಾರೆ. ಮಾಣಿಕಟ್ಟಾ ಸುತ್ತಮುತ್ತಲಿನ ಗಜನಿ ಗದ್ದೆಗಳಲ್ಲಿ. ಉಪ್ಪು ನೀರು ನುಗ್ಗಿದರೂ, ಕೆಲವು ದಿನ ನೀರಲ್ಲೇ ಮುಳುಗಿದ್ದರೂ ಸಾಯದ ತಳಿ. ಗೊಬ್ಬರ, ಔಷಧ ಏನೂ ಬೇಡ. ಭತ್ತ ಕೊಯ್ದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಈಗ ಬೆಳೆಯುವವರು ಕಡಿಮೆಯಾಗಿದ್ದಾರೆ, ಕಟ್ಟೆ ಒಡೆದರೆ ಸರಿ ಮಾಡೋಕೆ ಜನ ಸಿಗಲ್ಲ ಅಂತ ಅಕ್ಕನ ಯಜಮಾನರು ಬೇಜಾರು ಮಾಡಿಕೊಂಡರು. ಎಲ್ಲಾದರೂ ಕಗ್ಗದ ಅಕ್ಕಿ ಕಂಡರೆ ದಯವಿಟ್ಟು ತಗೊಳ್ಳಿ. ಕೊಳ್ಳುವವರು ಇದ್ದರೆ ಬೆಳೆಯುವವರು ಇರ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಳಚು. ಚಿಪ್ಪಿನೊಳಗಿನ ಮಾಂಸ. ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ, ಇಳಿತದ ಹೊತ್ತಿಗೆ ನೀರು ಹಿಂದೆ ಸರಿದಾಗ, ಸುತ್ತಲಿನ ಊರುಗಳ ಹೆಂಗಸರು, ಗಂಡಸರು ಇಳಿದು ಆಯುತ್ತಾರೆ. ಅಕ್ಕ ನಮ್ಮನ್ನೂ ಕರೆದುಕೊಂಡು ಹೋದರು. ಇಳಿತ ಎಷ್ಟು ಹೊತ್ತಿಗೆ ಅಂತ ಅವರಿಗೆ ತಿಥಿ ನೋಡಿಯೇ ಗೊತ್ತು. ಹೆಂಗಸರು ಸೊಂಟದ ಮಟ್ಟದ ನೀರಲ್ಲಿ ನಿಂತು, ಕಾಲಲ್ಲೇ ಕೆಸರು ತಡಕಿ, ಗಟ್ಟಿ ಏನೋ ತಾಗಿತು ಅಂದ ಕೂಡಲೇ ಬಗ್ಗಿ ಎತ್ತಿ, ಪಕ್ಕದಲ್ಲಿ ತೇಲುವ ಪಾತ್ರೆಗೆ ಹಾಕುತ್ತಿದ್ದರು. ಕೈಗೂ ಕಾಲಿಗೂ ಎಷ್ಟು ಅಭ್ಯಾಸ ಅಂದ್ರೆ ಮಾತು ನಿಲ್ಲಿಸದೆ, ಕೆಳಗೆ ನೋಡದೆ ಆಯ್ತಾ ಇದ್ದರು. ಮಕ್ಕಳು ದಡದ ಕೆಸರಲ್ಲೇ ತಡಕಾಡಿ ಒಂದು ಸಣ್ಣ ಪಾತ್ರೆಯಷ್ಟು ಆಯ್ದರು. ತೀರಾ ಸಣ್ಣವನ್ನ ಅಕ್ಕ ವಾಪಸ್ ನೀರಿಗೆ ಹಾಕಿಸಿದರು. ಅವು ಬೆಳೆಯಲಿ ಅಂತ.

ಮನೆಗೆ ತಂದು ಚಿಪ್ಪುಗಳನ್ನ ಚೆನ್ನಾಗಿ ತಿಕ್ಕಿ ತೊಳೆದು, ಉಪ್ಪು ನೀರಲ್ಲಿ ಕೆಲವು ತಾಸು ಬಿಟ್ಟರು. ಒಳಗಿನ ಮರಳನ್ನ ಅವೇ ಉಗುಳುತ್ತವೆ. ಮಗ ಅದರ ಮುಂದೆ ಕೂತು, ಚಿಪ್ಪು ಒಂಚೂರು ತೆರೆದು ಬಿಳಿ ನಾಲಿಗೆಯಂಥದ್ದು ಹೊರಗೆ ಬರೋದನ್ನ, ಬೆರಳು ತಂದ್ರೆ ಟಕ್ ಅಂತ ಮುಚ್ಚಿಕೊಳ್ಳೋದನ್ನ ನೋಡಿದ್ದೇ ನೋಡಿದ್ದು. ಆಮೇಲೆ ಮುಚ್ಚಳ ಹಾಕಿ ಬೇಯಿಸಿದರು, ನೀರು ಹಾಕಲೇ ಇಲ್ಲ ಅನ್ನಬಹುದು. ಬಿಸಿಗೆ ಎಲ್ಲ ಬಾಯಿ ಬಿಟ್ಟವು. ಬಾಯಿ ಬಿಡದೆ ಉಳಿದದ್ದನ್ನ ಎಸೆಯಬೇಕು, ಇದು ನೆನಪಿರಲಿ. ಒಂದು ಬದಿಯ ಚಿಪ್ಪು ಕಿತ್ತು, ಮಾಂಸ ಅಂಟಿರುವ ಬದಿಯನ್ನ ಇಟ್ಟುಕೊಂಡು, ಹುರಿದ ತೆಂಗಿನಕಾಯಿ ಮಸಾಲೆಯಲ್ಲಿ ಸುಕ್ಕ. ಬೇಯುವಾಗ ಬಿಟ್ಟ ನೀರನ್ನ ಸೋಸಿ ಅದಕ್ಕೇ ಹಾಕಿದರು, ರುಚಿಯೆಲ್ಲ ಅದರಲ್ಲೇ ಇರೋದು. ಚಮಚ ಗಿಮಚ ಏನೂ ಬೇಡ. ಚಿಪ್ಪನ್ನೇ ಬಾಯಿಗೆ ಹಿಡಿದು ಹೀರಬೇಕು. ಮೊದಲು ಮಸಾಲೆ, ಆಮೇಲೆ ಸಿಹಿ, ಆಮೇಲೆ ಸಮುದ್ರದ ಉಪ್ಪು. ತಿಂದು ಮುಗಿಯುವ ಹೊತ್ತಿಗೆ ಪ್ರತಿಯೊಬ್ಬರ ಎಲೆ ಪಕ್ಕ ಒಂದೊಂದು ಚಿಪ್ಪಿನ ಗುಡ್ಡೆ.

ಈ ಬಳಚು ಅಲ್ಲಿ ಸಿಗೋದಕ್ಕೆ ಕಾರಣ ಇದೆ. ಅಘನಾಶಿನಿ ಶಿರಸಿ ಕಡೆ ಹುಟ್ಟಿ ಇಲ್ಲಿ ಕಡಲು ಸೇರುವವರೆಗೆ ಅದಕ್ಕೆ ಒಂದೂ ಅಣೆಕಟ್ಟು ಇಲ್ಲ. ಕಾಡಿನ ಸಿಹಿನೀರು, ಅದು ಹೊತ್ತು ತರುವ ಮಣ್ಣು, ಎಲೆ, ಕಡಲಿನ ಉಪ್ಪುನೀರು ಎಲ್ಲ ಅಳಿವೆಯಲ್ಲಿ ಬೆರೆಯುತ್ತೆ. ದಡದಲ್ಲಿ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳು. ಮೀನು ಮರಿ ಹಾಕೋದು, ಸಿಗಡಿ ಬೆಳೆಯೋದು, ಬಳಚು ಮೇಯೋದು ಎಲ್ಲ ಆ ಬೆರಕೆ ನೀರಲ್ಲಿ. ಹಿಂದೆ ತದಡಿಯಲ್ಲಿ ದೊಡ್ಡ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮಾಡುವ ಯೋಜನೆ ಇತ್ತು. ಜನ ಗಟ್ಟಿಯಾಗಿ ವಿರೋಧ ಮಾಡಿದರು, ಅದು ಬರಲಿಲ್ಲ. 2024ರ ಆರಂಭದಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂದಾಗ ನಾನು ಪೇಪರಿನಲ್ಲಿ ಓದಿ ಪುಟ ಮಗುಚಿದ್ದೆ. ಈಗ ಆ ನೀರಿಗೆ ಕಾಲಿಟ್ಟು, ಅದರಲ್ಲಿ ಬೆಳೆದದ್ದನ್ನ ತಿಂದು ಬಂದ ಮೇಲೆ, ಆ ಅಳಿವೆಗೆ ಏನಾದರೂ ಆಗುತ್ತೆ ಅಂದ್ರೆ ನನಗೆ ನಿದ್ದೆ ಬರಲ್ಲ. ಆ ಹೆಂಗಸರ ಸಂಸಾರ ನಡೆಯೋದೇ ಅದರಲ್ಲಿ.

ಶನಿವಾರ ಅಪ್ಪ ಮೀನು ಮುಟ್ಟಲ್ಲ. ಹಾಗಾಗಿ ಅವರಿಗೊಬ್ಬರಿಗೆ ಸಪ್ಪೆ ಊಟ ಆಗುತ್ತೇನೋ ಅಂತ ನನಗೆ ಚಿಂತೆ ಇತ್ತು. ಅಕ್ಕ ಅದನ್ನ ಕೇಳಿ ಪಕ್ಕದ ತೋಟದ ಹವ್ಯಕ ಬ್ರಾಹ್ಮಣರ ಮನೆಗೆ ಹೇಳಿ ಕಳಿಸಿದರು. ಅವರು ಎಲ್ಲರಿಗೂ ಊಟ ಹಾಕ್ತೀವಿ ಅಂದರು. ಬಾಳೆಎಲೆ, ಒಂದೆಲಗದ ತಂಬುಳಿ, ಮಾವಿನಕಾಯಿ ಸಾಸ್ಮೆ, ಹಲಸಿನಕಾಯಿ ಪಲ್ಯ, ಹಪ್ಪಳ, ಕೊನೆಗೆ ಅಪ್ಪೆಹುಳಿ. ಹುಳಿ ಮಾವಿನಕಾಯಿಯನ್ನ ಬೇಯಿಸಿ ಹಿಂಡಿ, ನೀರು ಬೆರೆಸಿ, ಉಪ್ಪು, ಹಸಿಮೆಣಸು, ಮೇಲೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆ. ಅನ್ನಕ್ಕೆ ಕಲಸಿ ತಿನ್ನೋದಕ್ಕಿಂತ ಲೋಟದಲ್ಲಿ ಕುಡಿಯೋದೇ ಜಾಸ್ತಿ. ಅದನ್ನ ಕುಡಿದು ಮಧ್ಯಾಹ್ನ ನಿದ್ದೆ ಮಾಡದವರು ಇಲ್ಲ ಅಂತ ಆ ಮನೆಯ ಅಜ್ಜಿ ಹೇಳಿದರು. ಅಪ್ಪ ಮೂರು ಲೋಟ ಕುಡಿದು ಅವರ ಜಗಲಿಯಲ್ಲೇ ಮಲಗಿ ಸಂಜೆ ಎದ್ದರು.

ಅದೇ ಅಂಗಳದಲ್ಲಿ ಚಾಪೆಗಳ ಮೇಲೆ ಹಲಸಿನ ಹಪ್ಪಳ ಒಣಗುತ್ತಿತ್ತು. ಬಲಿತ ಹಲಸಿನಕಾಯಿಯ ತೊಳೆ ಬೇಯಿಸಿ, ಮೆಣಸು, ಜೀರಿಗೆ, ಉಪ್ಪು ಹಾಕಿ ರುಬ್ಬಿ, ಉಂಡೆ ಮಾಡಿ, ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಒತ್ತುತ್ತಾರೆ. ಮಗಳು ಅವರ ಜೊತೆ ಕೂತು ಒತ್ತಿದಳು. ಮೊದಮೊದಲು ಅವಳದ್ದು ಒಂದು ಕಡೆ ದಪ್ಪ, ಒಂದು ಕಡೆ ತೂತು. ಅಜ್ಜಿ ಬೈಯಲಿಲ್ಲ, ಕೈ ಹಿಡಿದು ಎಲ್ಲಿ ಒತ್ತಬೇಕು ಅಂತ ತೋರಿಸಿದರು. ಮಧ್ಯಾಹ್ನ ಪೂರ್ತಿ ಮೊಬೈಲ್ ಕೇಳಲಿಲ್ಲ ಅವಳು. ಬಾಯಾರಿದಾಗಲೆಲ್ಲ ಮುರುಗಲು ಪಾನಕ. ಏಪ್ರಿಲ್, ಮೇನಲ್ಲಿ ಮುರುಗಲು ಹಣ್ಣು ಕೆಂಪಾಗಿ ಉದುರುತ್ತೆ, ಹಿಚುಕಿ ಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪು ಹಾಕಿದರೆ ಸಾಕು. ಅಲ್ಲಿನ ಸೆಕೆಗೆ ಅದಕ್ಕಿಂತ ಬೇರೆ ಮದ್ದಿಲ್ಲ. ಬೆವರು ಅಂದ್ರೆ ಬೆವರು, ಅದನ್ನ ಮುಚ್ಚಿಟ್ಟು ಏಪ್ರಿಲ್‌ನಲ್ಲಿ ಬನ್ನಿ ಅಂತ ಹೇಳಲ್ಲ ನಾನು.

ಈಗ ಈರುಳ್ಳಿ. ಕುಮಟಾದಿಂದ ಹೆದ್ದಾರಿ 66ರಲ್ಲಿ ಅಳ್ವೆಕೋಡಿ, ಹಂದಿಗೋಣ ಕಡೆ ಹೋದರೆ ಬೇಸಿಗೆಯಲ್ಲಿ ರಸ್ತೆ ಪಕ್ಕ ಸಾಲಾಗಿ ಈರುಳ್ಳಿ ಗೊಂಚಲು ನೇತುಹಾಕಿರುತ್ತಾರೆ. ಒಣಗಿದ ಎಲೆಗಳನ್ನೇ ಸೇರಿಸಿ ಜಡೆಯ ಹಾಗೆ ಹೆಣೆದಿರುತ್ತಾರೆ. ತಿಳಿ ಗುಲಾಬಿ ಬಣ್ಣ, ತುಂಬ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಹೆಚ್ಚಿದರೆ ಕಣ್ಣು ಉರಿಯೋದು ಕಡಿಮೆ, ಹಸಿಯಾಗಿ ಕಚ್ಚಿದರೆ ಸಿಹಿ. ಆ ಊರುಗಳ ಮರಳು ಮಿಶ್ರಿತ ಮಣ್ಣಿನಲ್ಲಿ ಬೆಳೆಯೋದು. ಮೀನು ಸಾರಿನ ಜೊತೆ ತಟ್ಟೆಯಲ್ಲಿ ಇದು ಇಲ್ಲದೇ ಇದ್ದರೆ ಊಟ ಅರ್ಧ ಅಂತ ನಮಗೂ ಅಭ್ಯಾಸ ಆಗಿಹೋಯ್ತು. ನೆರಳಲ್ಲಿ ಗಾಳಿಯಾಡುವ ಕಡೆ ನೇತುಹಾಕಿದರೆ ಮಳೆಗಾಲ ಪೂರ್ತಿ ಇರುತ್ತೆ. ನಾವು ರೈಲಿನಲ್ಲಿ ಎರಡು ಗೊಂಚಲು ಹೊತ್ತು ತಂದೆವು. ಈಗ ನಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಸರಳಿಗೆ ನೇತಾಡುತ್ತಿದೆ.

ಇನ್ನೊಂದು ದಿನ ಅಘನಾಶಿನಿ ಊರಿನಿಂದ ದೋಣಿಯಲ್ಲಿ ನದಿ ದಾಟಿ ತದಡಿಗೆ ಹೋದೆವು. ಬಂದರಿನಲ್ಲಿ ಬೆಳಗ್ಗೆ ಬೋಟುಗಳು ಬಂದು ಮೀನು ಇಳಿಸುವ ಗಡಿಬಿಡಿ. ನೋಡೋದಾದರೆ ಬೇಗ ಹೋಗಬೇಕು, ದಾರಿಗೆ ಅಡ್ಡ ನಿಲ್ಲಬಾರದು, ಅವರಿಗೆ ಅದು ದುಡಿಮೆಯ ಹೊತ್ತು. ಅಲ್ಲಿಂದ ಸಾಣೀಕಟ್ಟಾ ಹತ್ತಿರ. ಅಳಿವೆಯ ಉಬ್ಬರದ ನೀರನ್ನೇ ಮಡಿಗಳಿಗೆ ಹರಿಸಿ, ಬಿಸಿಲಿಗೆ ಬತ್ತಿಸಿ ಉಪ್ಪು ತೆಗೆಯುತ್ತಾರೆ. ನಾವು ಹೋದಾಗ ಉಪ್ಪಿನ ಕೆಲಸ ಜೋರಾಗಿ ನಡೆಯುತ್ತಿತ್ತು. ಉದ್ದ ಕೋಲಿನ ಹಲಗೆಯಲ್ಲಿ ಹರಳುಗಳನ್ನ ಎಳೆದು ಅಂಚಿಗೆ ಗುಡ್ಡೆ ಹಾಕುತ್ತಿದ್ದರು. ಬಿಸಿಲಲ್ಲಿ ಬರಿಗಾಲಲ್ಲಿ ಉಪ್ಪು ನೀರಲ್ಲಿ ನಿಂತು ಮಾಡುವ ಕೆಲಸ. ಅದನ್ನ ನೋಡಿದ ಮೇಲೆ ಉಪ್ಪಿನ ಬೆಲೆ ಬಗ್ಗೆ ಯಾರೂ ಚೌಕಾಸಿ ಮಾಡಲಾರರು. ಉಪ್ಪಿನಕಾಯಿ ಮಿಡಿಗೆ ಈ ಉಪ್ಪೇ ಆಗಬೇಕು ಅನ್ನೋ ಮನೆಗಳು ಆ ಕಡೆ ಈಗಲೂ ಇವೆ. ಪಕ್ಕದ ಅಂಕೋಲಾದಲ್ಲಿ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದು ಮಕ್ಕಳ ಪಾಠದಲ್ಲಿ ಇದೆ. ಉಪ್ಪಿನ ಗುಡ್ಡೆಯ ಪಕ್ಕ ನಿಂತು ಅಪ್ಪ ಅದನ್ನ ಮತ್ತೆ ಹೇಳಿದಾಗ ಇಬ್ಬರೂ ಬಾಯಿ ಬಿಟ್ಟು ಕೇಳಿದರು.

ಇದನ್ನೆಲ್ಲ ಬರೆಯುವಾಗ ಒಂದು ಮಾತು ಹೇಳಲೇಬೇಕು. ಬೀಚ್ ಪಕ್ಕದ ಎಷ್ಟೋ ಜಾಗಗಳಲ್ಲಿ ಮೆನು ಕಾರ್ಡು ತೆಗೆದರೆ ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲಾ, ಫ್ರೈಡ್ ರೈಸ್. ಅದು ಬೆಂಗಳೂರಿನ ನಮ್ಮ ರಸ್ತೆಯಲ್ಲೇ ಸಿಗುತ್ತೆ ಅಲ್ವಾ? ಅಲ್ಲಿಯವರನ್ನ ದೂರಲ್ಲ ನಾನು. ಬರುವವರು ಕೇಳೋದೇ ಅದನ್ನ, ಹಾಗಾಗಿ ಅವರು ಅದನ್ನೇ ಮಾಡ್ತಾರೆ. ನಾವು ಬಳಚು ಕೇಳಿದರೆ ಬಳಚು ಮಾಡ್ತಾರೆ, ಅಪ್ಪೆಹುಳಿ ಕೇಳಿದರೆ ಅಪ್ಪೆಹುಳಿ. ಕೇಳಬೇಕಾದವರು ನಾವು.

ಕೇಳುವಾಗ ಒಂದೆರಡು ವಿಷಯ ಗಮನದಲ್ಲಿ ಇಟ್ಟುಕೊಳ್ಳಿ. ಹಿಂದಿನ ರಾತ್ರಿಯೇ ಹೇಳಿ, ಮೀನು ಬರೋದು ಬೆಳಗ್ಗೆ, ಮಧ್ಯಾಹ್ನ ಹನ್ನೆರಡಕ್ಕೆ ಹೇಳಿದರೆ ಒಳ್ಳೆಯದು ಉಳಿದಿರಲ್ಲ. ಇಂಥದ್ದೇ ಬೇಕು ಅಂತ ಹಟ ಹಿಡಿಯಬೇಡಿ, ಇವತ್ತು ಯಾವುದು ಚೆನ್ನಾಗಿದೆ ಅಂತ ಕೇಳಿ. ಎಲ್ಲ ಕಡೆ ಇಸ್ವಾಣವೇ (ಅಂಜಲ್ ಮೀನು) ಬೇಕು ಅಂತ ಕೇಳಿ ಕೇಳಿ ಅದರ ಬೆಲೆ ಗಗನಕ್ಕೇರಿದೆ, ಪಕ್ಕದಲ್ಲೇ ಇರುವ ಬಂಗಡೆ, ತಾರ್ಲೆಯ ರುಚಿ ಯಾರಿಗೂ ಬೇಡ. ಊಟಕ್ಕೆ ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ, ಆಮೇಲೆ ಮನಸ್ಸಿಟ್ಟು ಕೊಡಿ. ಮನೆಯ ಹೆಂಗಸು ಬೆಳಗ್ಗೆ ಐದಕ್ಕೆ ಎದ್ದು ತೆಂಗಿನಕಾಯಿ ತುರಿಯೋದು ರೂಮಿನ ಬಾಡಿಗೆಯಲ್ಲಿ ಸೇರಿರಲ್ಲ. ಅಡುಗೆ ಕಲಿಯೋ ಆಸೆ ಇದ್ದರೆ ಒಳಗೆ ಹೋಗಿ ಕಾಯಿ ತುರಿದುಕೊಡಿ. ಅಮ್ಮ ಹಾಗೆ ಮಾಡಿದ್ದಕ್ಕೇ ಜುಮ್ಮನಕಾಯಿ, ಉಪ್ಪಾಗೆ ಎಲ್ಲ ಪೊಟ್ಟಣ ಕಟ್ಟಿಸಿಕೊಂಡು ಬಂದರು. ಬದಲಿಗೆ ಅಕ್ಕನಿಗೆ ಮುದ್ದೆ ಮಾಡೋದು ಹೇಳಿಕೊಟ್ಟರು. ನಾವು ತಗೊಂಡು ಹೋಗಿದ್ದ ರಾಗಿಹಿಟ್ಟಿನಲ್ಲಿ ಒಂದು ರಾತ್ರಿ ಮುದ್ದೆ, ಅದಕ್ಕೆ ಹಿಂದಿನ ದಿನದ ಬಂಗಡೆ ಸಾರು. ಅಕ್ಕನ ಯಜಮಾನರು ಅಗಿಯೋಕೆ ಶುರು ಮಾಡಿದಾಗ ಅಮ್ಮ "ನುಂಗಬೇಕು ಕಣಪ್ಪ" ಅಂದರು. ಎರಡನೇ ಮುದ್ದೆ ಅವರೇ ಕೇಳಿ ಹಾಕಿಸಿಕೊಂಡರು.

ಯಾವಾಗ ಹೋಗಬೇಕು ಅಂತ ಕೇಳಿದರೆ, ಅದು ನೀವು ಏನು ತಿನ್ನಬೇಕು ಅನ್ನೋದರ ಮೇಲೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, ಮೀನು ಮರಿ ಮಾಡುವ ಕಾಲ. ಆಗ ನಾಡದೋಣಿಯವರು ತಂದ ಸ್ವಲ್ಪ ಮೀನು, ಇಲ್ಲಾಂದ್ರೆ ಒಣಮೀನು. ಮಳೆಗಾಲಕ್ಕೆ ಅಂತಲೇ ಏಪ್ರಿಲ್, ಮೇನಲ್ಲಿ ಮನೆಮನೆಯಲ್ಲಿ ಒಣಗಿಸಿ ಇಟ್ಟಿರುತ್ತಾರೆ. ಮಳೆ ಕಡಿಮೆಯಾದ ಮೇಲೆ, ಸೆಪ್ಟೆಂಬರ್‌ನಿಂದ ಡಿಸೆಂಬರ್, ಹವೆ ಹಿತವಾಗಿರುತ್ತೆ, ಬಂಗಡೆ, ತಾರ್ಲೆ ಧಾರಾಳ. ಮಾವು, ಹಲಸು, ಮುರುಗಲು, ಈರುಳ್ಳಿ ಬೇಕಾದರೆ ಬೇಸಿಗೆಯಲ್ಲೇ ಹೋಗಬೇಕು, ಬೆವರಬೇಕು.

ನಮಗೆ ಒಂದು ಬಾಕಿ ಉಳಿದಿದೆ. ಅಂಕೋಲಾದ ಕರಿ ಈಶಾಡು ಮಾವಿನಹಣ್ಣು. 2023ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದ್ರೆ ಭೌಗೋಳಿಕ ಗುರುತು ಸಿಕ್ಕಿದೆ, ತೆಳು ಸಿಪ್ಪೆ, ತುಂಬ ರಸ, ಆದರೆ ಹಣ್ಣಾಗೋದು ಮೇ ತಿಂಗಳಲ್ಲಿ. ನಾವು ಹೋದಾಗ ಮರದಲ್ಲಿ ಕಾಯಿ ಮಾತ್ರ. ಬರುವ ವರ್ಷ ರಜೆಯನ್ನ ಮೇ ಮಧ್ಯಕ್ಕೆ ಇಟ್ಟುಕೊಂಡಿದ್ದೇವೆ, ಅಕ್ಕನಿಗೆ ಈಗಲೇ ಹೇಳಿದ್ದೂ ಆಯ್ತು. "ಒಂದು ಬುಟ್ಟಿ ಹೇಳಿ ಇಡ್ತೆ, ಬರುವಾಗ ರಾಗಿಹಿಟ್ಟು ತನ್ನಿ" ಅಂದಿದ್ದಾರೆ.